ಮನೆಯಲ್ಲೇ ಕಸೂತಿ ವಿನ್ಯಾಸ ಬರೆದುಕೊಳ್ಳುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬಟ್ಟೆಯ ಎಳೆ ಎಣಿಸಿ ಹಾಕುವ ಉತ್ತರ ಕರ್ನಾಟಕದ ಕೈಹೊಲಿಗೆ ಕಸೂತಿ. ಅದನ್ನು ಹಾಕಲು ಕಲಿತವರು ಬಹಳ ಜನ ಇದ್ದಾರೆ. ತಮ್ಮದೇ ವಿನ್ಯಾಸ ಬರೆದುಕೊಂಡು ಹಾಕುವವರು ಕಡಿಮೆ. ಯಾರೋ ಬರೆದ ಗ್ರಾಫ್ ಹಾಳೆ ಹಿಡಿದು ಅದೇ ಗೋಪುರ, ಅದೇ ನವಿಲು ಹಾಕುತ್ತಾ ಹೋಗುತ್ತೇವೆ. ಸ್ವಂತ ವಿನ್ಯಾಸಕ್ಕೆ ದೊಡ್ಡ ಕಲಾವಿದರೇ ಆಗಬೇಕಿಲ್ಲ. ಸೂಜಿ ಯಾವ ದಾರಿಯಲ್ಲಿ ಹೋಗುತ್ತದೆ ಎಂದು ಯೋಚಿಸಿ ಬರೆದರೆ ಸಾಕು. ಇಲ್ಲಿರುವ ಉತ್ತರಗಳಲ್ಲಿ ಬಹುಪಾಲು ಅದೇ ಮಾತು ಬೇರೆ ಬೇರೆ ರೀತಿಯಲ್ಲಿ ಬರುತ್ತದೆ.

ನನಗೆ ಚಿತ್ರ ಬಿಡಿಸಲು ಬರುವುದೇ ಇಲ್ಲ. ಆದರೂ ಆಗುತ್ತಾ?

ಆಗುತ್ತದೆ. ಕಸೂತಿಯಲ್ಲಿ ಗೆರೆ ಹೋಗುವುದು ಅಡ್ಡ, ಉದ್ದ, ಓರೆ, ಇಷ್ಟೇ. ಬಾಗಿದ ಗೆರೆ ಇಲ್ಲ. ಆನೆಯ ಬೆನ್ನೂ ಮೆಟ್ಟಿಲಾಗುತ್ತದೆ, ಕಮಲದ ಎಸಳೂ ಮೂಲೆ ಮೂಲೆಯಾಗುತ್ತದೆ. ಚೆಂದದ ಕೈ ಇರುವವರಿಗೇ ಇದು ಒಮ್ಮೊಮ್ಮೆ ಕಷ್ಟ. ಅವರು ಮೊದಲು ನುಣ್ಣಗೆ ಚಿತ್ರ ಬರೆದು ಆಮೇಲೆ ಅದನ್ನು ಚೌಕಕ್ಕೆ ತುರುಕಲು ಒದ್ದಾಡುತ್ತಾರೆ. ರಂಗೋಲಿ ಹಾಕುವ ಕೈಗೆ ಚುಕ್ಕಿ ಎಣಿಸುವ ಅಭ್ಯಾಸ ಇರುತ್ತದಲ್ಲ, ಇಲ್ಲಿ ಬೇಕಾಗಿರುವುದು ಅದೇ.

ಏನೇನು ಸಾಮಾನು ಬೇಕು?

ಜಾಸ್ತಿ ಏನೂ ಬೇಡ. ಮಕ್ಕಳ ಲೆಕ್ಕದ ಚೌಕಳಿ ಪುಸ್ತಕ, ಪೆನ್ಸಿಲ್, ರಬ್ಬರ್, ಒಂದು ಕೆಂಪು ಪೆನ್ನು. ಹೈಸ್ಕೂಲಿನ ಗ್ರಾಫ್ ಹಾಳೆಯಲ್ಲಿ ಒಂದೊಂದು ಮಿಲಿಮೀಟರಿಗೆ ಗೆರೆ ಇರುತ್ತದೆ. ಎಣಿಸುವಾಗ ಕಣ್ಣು ನೋಯುತ್ತದೆ, ಅದು ಬೇಡ.

ಅಭ್ಯಾಸಕ್ಕೆ ಒಂದು ತುಂಡು ಮ್ಯಾಟಿ ಬಟ್ಟೆ, ಅಂದರೆ ಎಣಿಸಲು ಬರುವಂತೆ ಚೌಕ ಚೌಕವಾಗಿ ನೇಯ್ದ ಬಟ್ಟೆ. ಒಂದು ಇಂಚಿಗೆ 14 ಚೌಕ ಬರುವುದನ್ನು ಕೇಳಿ ತನ್ನಿ. ಸೂಜಿಯ ತುದಿ ಮೊಂಡಾಗಿರಬೇಕು. 14 ಚೌಕದ ಬಟ್ಟೆಗೆ 24ನೇ ನಂಬರ್ ಟ್ಯಾಪೆಸ್ಟ್ರಿ ಸೂಜಿ, 18 ಚೌಕದ್ದಕ್ಕೆ 26ನೇ ನಂಬರ್. ಚೂಪು ಸೂಜಿ ಬಟ್ಟೆಯ ಎಳೆಯನ್ನೇ ಸೀಳಿಕೊಂಡು ಹೋಗುತ್ತದೆ. ಆಗ ಎಣಿಕೆ ತಪ್ಪುತ್ತದೆ, ಬಿಚ್ಚುವುದೂ ಕಷ್ಟ.

ಗ್ರಾಫ್‌ನಲ್ಲಿ ಗೆರೆಯ ಮೇಲೆ ಬರೆಯಬೇಕಾ, ಚೌಕ ತುಂಬಬೇಕಾ?

ಯಾವ ಹೊಲಿಗೆ ಎನ್ನುವುದರ ಮೇಲೆ ಹೋಗುತ್ತದೆ. ಕಸೂತಿಯಲ್ಲಿ ಇರುವುದು ನಾಲ್ಕು: ಗವಂತಿ, ಮುರ್ಗಿ, ನೇಯ್ಗೆ, ಮೆಂತೆ.

ಗವಂತಿ ಎಂದರೆ ಒಂದು ಹೊಲಿಗೆ ಬಿಟ್ಟು ಒಂದು ಹಾಕುತ್ತಾ ಹೋಗಿ, ಬಿಟ್ಟದ್ದನ್ನು ತುಂಬುತ್ತಾ ವಾಪಸ್ ಬರುವ ಗೆರೆ ಹೊಲಿಗೆ. ಗವಂತಿ ಮತ್ತು ಮುರ್ಗಿಗೆ ಚೌಕದ ಗೆರೆಯ ಮೇಲೇ ಬರೆಯಬೇಕು. ಒಂದು ಚೌಕದ ಒಂದು ಬದಿ ಒಂದು ಹೊಲಿಗೆ. ಓರೆ ಹೊಲಿಗೆಯಾದರೆ ಚೌಕದ ಮೂಲೆಯಿಂದ ಮೂಲೆಗೆ. ಮುರ್ಗಿ ಬೇರೆ ಏನೂ ಅಲ್ಲ, ಗವಂತಿಯ ಹಾಗೇ ಹೋಗಿ ಬರುವುದು, ಆದರೆ ಮೆಟ್ಟಿಲು ಮೆಟ್ಟಿಲಾಗಿ. ಮೆಂತೆ ಎಂದರೆ ಅಡ್ಡಕತ್ತರಿ ಹೊಲಿಗೆ (ಕ್ರಾಸ್ ಸ್ಟಿಚ್). ಅದಕ್ಕೆ ಚೌಕದ ಒಳಗೆ ಗುರುತು ಹಾಕಬೇಕು. ನೇಯ್ಗೆಯಲ್ಲಿ ಸಾಲು ಸಾಲಾಗಿ ಚೌಕ ತುಂಬಬೇಕು. ತುಂಬಿದ್ದು ದಾರ ಮೇಲೆ ಕಾಣುವ ಜಾಗ, ಖಾಲಿ ಬಿಟ್ಟದ್ದು ದಾರ ಹಿಂದೆ ಹೋಗುವ ಜಾಗ.

ಒಂದೇ ಹಾಳೆಯಲ್ಲಿ ಗವಂತಿಯೂ ಮೆಂತೆಯೂ ಇದ್ದರೆ ಎರಡಕ್ಕೂ ಬೇರೆ ಬಣ್ಣ ಬಳಸಿ. ಇಲ್ಲದಿದ್ದರೆ ತಿಂಗಳ ನಂತರ ಹಾಳೆ ತೆಗೆದಾಗ ನಿಮಗೇ ಅರ್ಥವಾಗುವುದಿಲ್ಲ.

ಮೊದಲ ವಿನ್ಯಾಸ ಯಾವುದಿರಲಿ?

ತುಳಸಿ ಕಟ್ಟೆ ಬರೆಯಿರಿ. ಸಂಪ್ರದಾಯದ ಕಸೂತಿಯಲ್ಲೂ ಅದು ಇದೆ, ನೇರ ಗೆರೆಗಳೇ ಜಾಸ್ತಿ. ಅಳತೆ ಹೀಗೆ ಇಟ್ಟುಕೊಳ್ಳಿ. ಕೆಳಗೆ ಪೀಠ 12 ಚೌಕ ಅಗಲ, 2 ಚೌಕ ಎತ್ತರ. ಅದರ ಮೇಲೆ ನಡುವಿಗೆ ಸರಿಯಾಗಿ 8 ಅಗಲ, 2 ಎತ್ತರದ ಇನ್ನೊಂದು ಮೆಟ್ಟಿಲು. ಮೇಲೆ ಕಂಬ, 4 ಅಗಲ, 5 ಎತ್ತರ. ಕಂಬದ ತಲೆಯ ಮೇಲೆ ಮತ್ತೆ 8 ಅಗಲ, 2 ಎತ್ತರದ ಬಾಯಿ. ಬಾಯಿಯ ನಟ್ಟನಡುವಿನಿಂದ 6 ಚೌಕ ಎತ್ತರಕ್ಕೆ ತುಳಸಿಯ ಕಾಂಡ. ಕಾಂಡದ ಮೇಲೆ 2, 4, 6ನೇ ಚೌಕದ ಹತ್ತಿರ ಎಡಕ್ಕೊಂದು ಬಲಕ್ಕೊಂದು ಓರೆ ಟೊಂಗೆ, ಒಂದೊಂದೂ ಎರಡು ಹೊಲಿಗೆ.

ಎಣಿಸಿ ನೋಡಿ, ಒಟ್ಟು 88 ಹೊಲಿಗೆ ಬರುತ್ತದೆ. 14 ಚೌಕದ ಬಟ್ಟೆಯಲ್ಲಿ ಇದು ಒಂದು ಇಂಚಿಗಿಂತ ಕಡಿಮೆ ಅಗಲ, ಒಂದೂವರೆ ಇಂಚಿನೊಳಗೆ ಎತ್ತರ. ಒಂದು ಮಧ್ಯಾಹ್ನದ ಕೆಲಸ.

ಅಗಲಗಳೆಲ್ಲ ಸಮಸಂಖ್ಯೆ ಎಂಬುದನ್ನು ಗಮನಿಸಿದಿರಾ? ನಡುವೆ ಒಂಟಿ ಗೆರೆ ನಿಲ್ಲಬೇಕಾದರೆ ಅಗಲ ಸಮಸಂಖ್ಯೆಯೇ ಆಗಬೇಕು. ನಡುವೆ ಒಂದು ಚೌಕದ ಕಿಟಕಿಯೋ ಬಾಗಿಲೋ ಬರಬೇಕಾದರೆ ಬೆಸಸಂಖ್ಯೆ. ಇದನ್ನು ಮೊದಲೇ ತೀರ್ಮಾನಿಸಿ. ಅರ್ಧ ಬರೆದ ಮೇಲೆ ಗೋಪುರದ ಕಳಸ ನಡುವಿಗೆ ಕೂರುವುದಿಲ್ಲ ಎಂದು ಗೊತ್ತಾದರೆ ಇಡೀ ಗೋಪುರವನ್ನೇ ಅಳಿಸಬೇಕು.

ಹಿಂದೆ ಮುಂದೆ ಎರಡೂ ಕಡೆ ಒಂದೇ ಥರ ಬರಬೇಕು ಅಂತಾರೆ. ಸೂಜಿಯ ದಾರಿ ಹುಡುಕುವುದು ಹೇಗೆ?

ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ ಇದು. ಕೇಳಲೇಬೇಕಾದದ್ದೂ ಹೌದು. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಗವಂತಿಯಲ್ಲಿ ಸೂಜಿ ಒಂದು ಹೊಲಿಗೆ ಮೇಲೆ, ಒಂದು ಹೊಲಿಗೆ ಕೆಳಗೆ ಎಂದು ಹೋಗುತ್ತದೆ. ಹೋಗುವಾಗ ಬಿಟ್ಟ ಜಾಗವನ್ನು ಬರುವಾಗ ತುಂಬುತ್ತೇವೆ. ಆಗ ಪ್ರತಿ ಗೆರೆಗೂ ಮೇಲೊಂದು ಹೊಲಿಗೆ, ಹಿಂದೊಂದು ಹೊಲಿಗೆ ಬೀಳುತ್ತದೆ. ನಮ್ಮ ತುಳಸಿ ಕಟ್ಟೆಗೆ ಮೇಲೆ 88, ಹಿಂದೆ 88. ನೇರ ಗೆರೆಯಾದರೆ ಯೋಚನೆಯೇ ಇಲ್ಲ. ಕವಲು ಬಂದಾಗ ತಲೆ ಕೆಡುತ್ತದೆ.

ಕವಲಿಗೆ ಒಂದೇ ನಿಯಮ. ಕವಲು ಸಿಕ್ಕ ಕೂಡಲೇ ಮೊದಲು ಅದರೊಳಗೆ ಹೋಗಿ. ತುದಿ ಮುಟ್ಟಿ. ಅದೇ ದಾರಿಯಲ್ಲಿ ಬಿಟ್ಟದ್ದನ್ನು ತುಂಬುತ್ತಾ ವಾಪಸ್ ಬನ್ನಿ. ಆಮೇಲೆ ಮುಖ್ಯ ಗೆರೆಯಲ್ಲಿ ಮುಂದೆ ಹೋಗಿ. ಕವಲಿಗೆ ಹೋಗಿ ಬಂದ ಹೊಲಿಗೆಗಳ ಲೆಕ್ಕ ಯಾವಾಗಲೂ ಸಮಸಂಖ್ಯೆಯೇ ಆಗುತ್ತದೆ, ಏಕೆಂದರೆ ಎಷ್ಟು ಹೋದಿರೋ ಅಷ್ಟೇ ಬಂದಿರುತ್ತೀರಿ. ಹಾಗಾಗಿ ಮುಖ್ಯ ಗೆರೆಯ ಮೇಲೆ-ಕೆಳಗೆ ಕ್ರಮ ಕೆಡುವುದಿಲ್ಲ. ಕವಲಿಗೇ ಇನ್ನೊಂದು ಕವಲಿದ್ದರೂ ಇದೇ ನಿಯಮ.

ಸುತ್ತು ಬಂದರೆ? ಪೀಠದ ಆಯತವನ್ನೇ ನೋಡಿ. ಅದರ ಸುತ್ತಳತೆ 28 ಹೊಲಿಗೆ. ಒಂದು ಸುತ್ತು ಮುಗಿಸಿ ಶುರುವಿಗೆ ಬಂದು, ಅದೇ ದಿಕ್ಕಿನಲ್ಲಿ ಎರಡನೇ ಸುತ್ತು ಹೊರಟರೆ ಏನಾಗುತ್ತದೆ? ಮೇಲೆ ಬಿದ್ದ ಹೊಲಿಗೆಯ ಮೇಲೇ ಮತ್ತೆ ಹೊಲಿಗೆ ಬೀಳುತ್ತದೆ, ಬಿಟ್ಟ ಜಾಗ ಬಿಟ್ಟ ಹಾಗೇ ಉಳಿಯುತ್ತದೆ. 28 ಸಮಸಂಖ್ಯೆಯಾದ್ದರಿಂದ ಹಾಗಾಗುತ್ತದೆ. ಸುತ್ತಿ ಬಂದು, ಆಗಲೇ ಮುಟ್ಟಿದ ಜಾಗವನ್ನು ಮತ್ತೆ ಮುಟ್ಟಿದ ಕೂಡಲೇ ತಿರುಗಿ. ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ. ಸರಿಯಾಗಿ ತುಂಬುತ್ತದೆ.

ಹೀಗೆ ನಡೆದರೆ, ಗೆರೆಗಳೆಲ್ಲ ಒಂದಕ್ಕೊಂದು ಕೂಡಿಕೊಂಡಿರುವ ಯಾವ ಚಿತ್ರವಾದರೂ ಗವಂತಿಯಲ್ಲಿ ಮುಗಿಯುತ್ತದೆ, ಸೂಜಿ ಹೊರಟ ಜಾಗಕ್ಕೇ ಬಂದು ನಿಲ್ಲುತ್ತದೆ. ಎಷ್ಟೇ ದೊಡ್ಡ ತೇರಾದರೂ ಅಷ್ಟೇ. ಹಾಳೆಯ ಮೇಲೆ ಹೋಗುವ ದಾರಿಯನ್ನು ಪೆನ್ಸಿಲ್ ಬಾಣದಲ್ಲಿ, ಬರುವ ದಾರಿಯನ್ನು ಕೆಂಪು ಪೆನ್ನಿನಲ್ಲಿ ಗುರುತು ಮಾಡಿಕೊಳ್ಳಿ. ಒಂದೆರಡು ವಿನ್ಯಾಸವಾದ ಮೇಲೆ ಬಾಣ ಬೇಕಾಗುವುದಿಲ್ಲ.

ಇಂಗ್ಲೆಂಡಿನ ಬ್ಲ್ಯಾಕ್‌ವರ್ಕ್ ಎಂಬ ಕೈಕೆಲಸದಲ್ಲೂ ಇದೇ ಹೊಲಿಗೆ ಇದೆ. ಅಲ್ಲಿ ಅದಕ್ಕೆ ಹಾಲ್ಬೈನ್ ಹೊಲಿಗೆ ಎನ್ನುತ್ತಾರೆ. 16ನೇ ಶತಮಾನದ ಚಿತ್ರಕಾರ ಹ್ಯಾನ್ಸ್ ಹಾಲ್ಬೈನ್ ಬರೆದ ಭಾವಚಿತ್ರಗಳಲ್ಲಿ ಅಂಗಿಯ ಕೊರಳು, ತೋಳಿನ ತುದಿಗಳ ಮೇಲೆ ಈ ಕೆಲಸ ಕಾಣುತ್ತದೆ, ಅದಕ್ಕೆ ಆ ಹೆಸರು. ಹಾಗಾಗಿ ಬ್ಲ್ಯಾಕ್‌ವರ್ಕ್ ಗ್ರಾಫ್ ಎಲ್ಲಾದರೂ ಸಿಕ್ಕರೆ ಧೈರ್ಯವಾಗಿ ಓದಿ, ನಿಮಗೆ ಅರ್ಥವಾಗುತ್ತದೆ.

ನವಿಲಿಗೆ ಕಣ್ಣು ಇಟ್ಟೆ. ಹಿಂದೆ ದಾರ ಉದ್ದಕ್ಕೆ ಹಾದು ಹೋಯಿತು. ಏನು ಮಾಡಲಿ?

ಕಣ್ಣು ಒಂಟಿಯಾಗಿ ನಿಂತಿದೆ, ಅದೇ ತೊಂದರೆ. ಸುತ್ತಲಿನ ಗೆರೆಗೆ ಕೂಡಿಕೊಳ್ಳದ ಹೊಲಿಗೆಗೆ ಸೂಜಿ ಹೋಗಬೇಕಾದರೆ ಹಿಂದೆ ಹಾರಲೇಬೇಕು. ಕಣ್ಣನ್ನು ಕೊಕ್ಕಿನ ಗೆರೆಗೋ ಕತ್ತಿನ ಗೆರೆಗೋ ಒಂದು ಓರೆ ಹೊಲಿಗೆಯಿಂದ ಕೂಡಿಸಿ. ಇಲ್ಲವೇ ಕಣ್ಣನ್ನೇ ಬಿಟ್ಟುಬಿಡಿ. ನನ್ನ ಪ್ರಕಾರ ಬಿಡುವುದೇ ಚೆಂದ. ಕೊಕ್ಕು, ಜುಟ್ಟು, ಬಾಲ ಸರಿಯಾಗಿದ್ದರೆ ಅದು ನವಿಲೆಂದು ಎಲ್ಲರಿಗೂ ಗೊತ್ತಾಗುತ್ತದೆ.

ವಿನ್ಯಾಸ ಬರೆದ ಮೇಲೆ ಪೆನ್ಸಿಲ್ ತುದಿಯನ್ನು ಎತ್ತದೆ ಇಡೀ ಚಿತ್ರದ ಮೇಲೆ ಓಡಿಸಿ ನೋಡಿ. ಒಂದೇ ಗೆರೆಯ ಮೇಲೆ ಎರಡು ಸಲ ಹೋದರೂ ಪರವಾಗಿಲ್ಲ. ಎಲ್ಲಿಯಾದರೂ ಪೆನ್ಸಿಲ್ ಎತ್ತಲೇಬೇಕಾಯಿತಾ? ಅಲ್ಲಿ ತಿದ್ದಿ.

ಬಟ್ಟೆಯ ಮೇಲೆ ಎಷ್ಟು ದೊಡ್ಡದಾಗಿ ಬರುತ್ತದೆ ಎಂದು ಮೊದಲೇ ಹೇಗೆ ತಿಳಿಯುವುದು?

ಚಿತ್ರದ ಚೌಕಗಳನ್ನು ಎಣಿಸಿ, ಬಟ್ಟೆಯ ಒಂದು ಇಂಚಿನಲ್ಲಿರುವ ಚೌಕಗಳಿಂದ ಭಾಗಿಸಿ. 42 ಚೌಕ ಅಗಲದ ಆನೆ 14ರ ಬಟ್ಟೆಯಲ್ಲಿ ಸರಿಯಾಗಿ 3 ಇಂಚು. 11ರ ಬಟ್ಟೆಯಲ್ಲಿ ಸುಮಾರು 3.8 ಇಂಚು, 18ರಲ್ಲಿ 2.3 ಇಂಚು. ಎರಡೆರಡು ಎಳೆ ಸೇರಿಸಿ ಎಣಿಸುವ ಬಟ್ಟೆಯಾದರೆ, ಇಂಚಿಗೆ 28 ಎಳೆ ಇದ್ದರೂ ಲೆಕ್ಕಕ್ಕೆ ಅದು 14.

ಮ್ಯಾಟಿಯಲ್ಲಿ ದುಂಡಗೆ ಬಂದ ಹೂವು ಕೈಮಗ್ಗದ ಬಟ್ಟೆಯಲ್ಲಿ ಮೊಟ್ಟೆ ಥರ ಬಂತು. ಯಾಕೆ?

ಕೈಮಗ್ಗದ ಬಟ್ಟೆಯಲ್ಲಿ ಹಾಸಿನ (ಉದ್ದಕ್ಕೆ ಹೋಗುವ) ಎಳೆ ಮತ್ತು ಹೊಕ್ಕಿನ (ಅಡ್ಡಕ್ಕೆ ಹೋಗುವ) ಎಳೆ ಇಂಚಿಗೆ ಸಮನಾಗಿ ಇರಬೇಕೆಂದಿಲ್ಲ. ಒಂದು ಇಂಚಿನ ಕಿಂಡಿ ಕತ್ತರಿಸಿದ ರಟ್ಟನ್ನು ಬಟ್ಟೆಯ ಮೇಲಿಟ್ಟು ಎರಡೂ ಕಡೆ ಎಣಿಸಿ. ಹಾಸು 30, ಹೊಕ್ಕು 26 ಬಂತೆಂದುಕೊಳ್ಳಿ. 60 ಎಳೆ ಅಗಲ, 60 ಎಳೆ ಎತ್ತರದ ಹೂವು 2 ಇಂಚು ಅಗಲ, 2.3 ಇಂಚು ಎತ್ತರವಾಗುತ್ತದೆ. ಎತ್ತರವನ್ನು 52 ಎಳೆಗೆ ಇಳಿಸಿದರೆ ಸರಿಹೋಗುತ್ತದೆ. ಅಂದರೆ ಎರಡೆರಡು ಎಳೆಗೆ ಒಂದು ಚೌಕದಂತೆ ಗ್ರಾಫ್‌ನಲ್ಲಿ ಹೂವು 30 ಚೌಕ ಅಗಲ, 26 ಚೌಕ ಎತ್ತರ ಇರಬೇಕು. ಹಾಳೆಯಲ್ಲಿ ಚಪ್ಪಟೆಯಾಗಿ ಕಾಣುತ್ತದೆ, ಬಟ್ಟೆಯಲ್ಲಿ ದುಂಡಗೆ ಬರುತ್ತದೆ.

ಬ್ಲೌಸಿನ ತೋಳಿಗೆ ಅಂಚು ಬರೆಯಬೇಕು. ಕೊನೆಯಲ್ಲಿ ಅರ್ಧ ಹೂವು ಉಳಿಯದ ಹಾಗೆ ಹೇಗೆ?

ಹೂವು ಬರೆಯುವ ಮೊದಲು ಲೆಕ್ಕ ಮಾಡಿ. ತೋಳಿನ ಸುತ್ತಳತೆ 11 ಇಂಚು, ಬಟ್ಟೆ ಇಂಚಿಗೆ 14 ಚೌಕ. ಒಟ್ಟು 154 ಚೌಕ. ನಿಮ್ಮ ಹೂವು, ಪಕ್ಕದ ಖಾಲಿ ಜಾಗ ಸೇರಿ 12 ಚೌಕ ಇದ್ದರೆ 12 ಹೂವು ಬಂದು 10 ಚೌಕ ಉಳಿಯುತ್ತದೆ. ಅದನ್ನೇ 11 ಚೌಕಕ್ಕೆ ಇಳಿಸಿದರೆ ಸರಿಯಾಗಿ 14 ಹೂವು. 14 ಚೌಕಕ್ಕೆ ಹಿಗ್ಗಿಸಿದರೆ 11 ಹೂವು. ಹೂವನ್ನು ಮುಟ್ಟದೆ ನಡುವಿನ ಖಾಲಿ ಜಾಗವನ್ನೇ ಕೂಡಿಸಿ ಕಳೆದರೂ ಆಗುತ್ತದೆ.

ಹೊಲಿಗೆಗೆ ಒಳಗೆ ಹೋಗುವ ಬಟ್ಟೆಯನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಟೈಲರ್ ಹತ್ತಿರ ಮೊದಲು ಗುರುತು ಹಾಕಿಸಿಕೊಂಡು, ಕಸೂತಿ ಮುಗಿದ ಮೇಲೆ ಕತ್ತರಿಸಲು ಹೇಳಿ.

ಮೇಜಿನ ಬಟ್ಟೆಗೆ ಮೂಲೆ ತಿರುಗಿಸಬೇಕಾದರೆ ಒಂದು ಚಿಕ್ಕ ಕನ್ನಡಿಯನ್ನು ಅಂಚಿನ ಮೇಲೆ ಓರೆಯಾಗಿ, ಚೌಕದ ಮೂಲೆಯಿಂದ ಮೂಲೆಗೆ ಬರುವಂತೆ ನಿಲ್ಲಿಸಿ. ಕನ್ನಡಿಯನ್ನು ಮೆಲ್ಲಗೆ ಸರಿಸುತ್ತಾ ಹೋದರೆ ಎಲ್ಲೋ ಒಂದು ಕಡೆ ಮೂಲೆ ತಾನಾಗಿ ಚೆಂದವಾಗಿ ಕೂಡುತ್ತದೆ. ಆ ಜಾಗವನ್ನು ಗುರುತು ಮಾಡಿ ನಕಲು ಮಾಡಿಕೊಳ್ಳಿ.

ನೇಯ್ಗೆ ಹೊಲಿಗೆಗೆ ವಿನ್ಯಾಸ ಬರೆಯುವಾಗ ಏನು ನೋಡಬೇಕು?

ದಾರದ ಉದ್ದ. ಒಂದೇ ಹೊಲಿಗೆ ಐದಾರು ಎಳೆಗಿಂತ ಜಾಸ್ತಿ ಉದ್ದ ಹೋದರೆ ಬಳೆಗೆ, ಉಂಗುರಕ್ಕೆ ಸಿಕ್ಕಿ ಎಳೆದುಕೊಳ್ಳುತ್ತದೆ. ಮುಂಬದಿಯ ಹೊಲಿಗೆಯನ್ನು ಮಾತ್ರ ನೋಡಿ ಬರೆಯುವವರು ಬಹಳ. ಖಾಲಿ ಚೌಕಗಳನ್ನೂ ಎಣಿಸಿ, ಅಷ್ಟು ಉದ್ದದ ದಾರ ಹಿಂದೆ ಇರುತ್ತದೆ. ಹಿಂಬದಿಯಲ್ಲಿ ಚಿತ್ರ ತಿರುವುಮುರುವಾಗಿ ಬರುತ್ತದೆ, ತುಂಬಿದ್ದು ಖಾಲಿ, ಖಾಲಿಯದು ತುಂಬಿದ್ದು. ಅದು ತಪ್ಪಲ್ಲ, ಈ ಹೊಲಿಗೆಯ ಸ್ವಭಾವವೇ ಹಾಗೆ.

ಮೆಂತೆಯಲ್ಲೂ ಎರಡು ಕಡೆ ಒಂದೇ ಥರ ಬರುತ್ತದಾ?

ಇಲ್ಲ. ಅದು ಚಿತ್ರದ ಒಳಗೆ ತುಂಬಲು. ಹಿಂಬದಿ ಕಾಣುವ ಸೆರಗಿನ ತುದಿಗೆ ಬಳಸದಿದ್ದರೆ ಒಳ್ಳೆಯದು.

ಫೋಟೊ ಹಾಕಿದರೆ ಗ್ರಾಫ್ ಮಾಡಿಕೊಡುವ ಆ್ಯಪ್‌ಗಳಿವೆ. ಬಳಸಬಹುದಾ?

ಮೆಂತೆಗೆ, ಅಡ್ಡಕತ್ತರಿ ಹೊಲಿಗೆಗೆ ಬಳಸಬಹುದು. ಅವು ಫೋಟೊವನ್ನು ಬಣ್ಣದ ಚೌಕಗಳಾಗಿ ಒಡೆಯುತ್ತವೆ. ಸುಮ್ನೆ ಬಿಟ್ಟರೆ ಒಂದು ಗುಲಾಬಿಗೆ ಮೂವತ್ತು ಬಣ್ಣ ತೋರಿಸುತ್ತವೆ. ಬಣ್ಣದ ಸಂಖ್ಯೆಯನ್ನು ಐದಾರಕ್ಕೆ ಇಳಿಸಿ ನೋಡಿ, ಅಲ್ಲೊಂದು ಇಲ್ಲೊಂದು ಒಂಟಿ ಚೌಕ ಬಂದರೆ ಕೈಯಿಂದ ಅಳಿಸಿ.

ಗವಂತಿಗೆ ಇವು ಪ್ರಯೋಜನವಿಲ್ಲ. ಗವಂತಿಗೆ ಬೇಕಾದದ್ದು ಗೆರೆ, ಅವು ಕೊಡುವುದು ಚೌಕ. ಕಂಪ್ಯೂಟರೇ ಬೇಕೆಂದರೆ ಎಕ್ಸೆಲ್ ತೆಗೆದು ಸಾಲು, ಕಾಲಂ ಎರಡನ್ನೂ ಒಂದೇ ಅಳತೆಗೆ ತಂದು ಚೌಕ ಮಾಡಿ, ಸೆಲ್‌ಗಳ ಬಾರ್ಡರ್ ಗೆರೆಯನ್ನು ದಪ್ಪ ಮಾಡುತ್ತಾ ಬರೆಯಿರಿ. ನಕಲು ಮಾಡಿ ಅಂಟಿಸಲು ಅನುಕೂಲ. ಯೋಚನೆ ಮಾತ್ರ ಕಾಗದದ ಮೇಲೇ ಚೆನ್ನಾಗಿ ಓಡುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಹಳೆಯ ಸೀರೆಯಿಂದ ವಿನ್ಯಾಸ ತೆಗೆದುಕೊಳ್ಳುವುದು ಹೇಗೆ?

ಮನೆಯಲ್ಲಿ ಅಜ್ಜಿಯ ಇಳಕಲ್ ಸೀರೆಯೋ ಚಂದ್ರಕಾಳಿ ಎಂಬ ಕಪ್ಪು ಸೀರೆಯೋ ಇದ್ದರೆ ಅದಕ್ಕಿಂತ ಒಳ್ಳೆಯ ಪಾಠಪುಸ್ತಕ ಇಲ್ಲ. ಹತ್ತಿರದಿಂದ ಫೋಟೊ ತೆಗೆದು, ದೊಡ್ಡದು ಮಾಡಿ, ಹೊಲಿಗೆ ಎಣಿಸಿ ಗ್ರಾಫ್‌ಗೆ ಇಳಿಸಿ. ಸೀರೆಯ ಮೇಲೆ ಕಾಗದ ಇಟ್ಟು ಒತ್ತಬೇಡಿ. ಹಳೆಯ ರೇಷ್ಮೆ ಮಡಿಕೆಯಲ್ಲೇ ಒಡೆಯುತ್ತದೆ.

ಎಣಿಸುವಾಗ ಎರಡು ಆನೆಗಳು ಒಂದೇ ಥರ ಇಲ್ಲ ಎಂದು ಗೊತ್ತಾಗಬಹುದು. ಹಳಬರು ಗ್ರಾಫ್ ನೋಡಿ ಹಾಕಿದವರಲ್ಲ. ಸೀರೆಯ ಎಳೆಯನ್ನೇ ಎಣಿಸುತ್ತಾ, ನೆನಪಿನಿಂದ ಹಾಕಿದವರು. ಒಂದು ಎಳೆ ಆಚೀಚೆ ಆದಾಗ ಮುಂದಿನ ಸಾಲಿನಲ್ಲಿ ಸರಿಮಾಡಿಕೊಂಡಿರುತ್ತಾರೆ. ಹೇಗೆ ಸರಿಮಾಡಿದ್ದಾರೆ ಎಂದು ನೋಡಿದರೆ ನಿಮಗೂ ಉಪಯೋಗವಾಗುತ್ತದೆ.

ಇಡೀ ಸೀರೆಗೆ ವಿನ್ಯಾಸ ಹಂಚುವುದು ಹೇಗೆ?

ಹಳೆಯ ಕ್ರಮ ಇದೆ. ಸೆರಗಿನ ಹತ್ತಿರ ದೊಡ್ಡ ಚಿತ್ರಗಳು: ಗೋಪುರ, ತೇರು, ಅಂಬಾರಿ ಆನೆ, ಪಲ್ಲಕ್ಕಿ. ಅಲ್ಲಿಂದ ದೂರ ಹೋದಂತೆ ಚಿತ್ರಗಳು ಚಿಕ್ಕದಾಗುತ್ತಾ, ಗಿಳಿ, ಹೂವು, ಕೊನೆಗೆ ಚುಕ್ಕೆಯಂಥ ನಕ್ಷತ್ರಗಳಿಗೆ ಬಂದು ನಿಲ್ಲುತ್ತವೆ. ಹೊಸದಾಗಿ ಬರೆಯುವವರು ಮೈ ತುಂಬ ಒಂದೇ ಅಳತೆಯ ನವಿಲು ಹಾಕುತ್ತಾರೆ. ಉಟ್ಟಾಗ ಅರ್ಧ ನೆರಿಗೆಯೊಳಗೆ ಮುಚ್ಚಿಹೋಗುತ್ತದೆ. ಶ್ರಮ ಸೆರಗಿಗೆ, ಭುಜಕ್ಕೆ ಇರಲಿ.

ವಿಷಯ ಹಳೆಯದೇ ಇರಬೇಕೆಂದಿಲ್ಲ. ಸೈಕಲ್, ಕೊಡೆ, ಮನೆಯ ಬೆಕ್ಕು ಯಾವುದೂ ಆಗಬಹುದು. ನೇರ ಮತ್ತು ಓರೆ ಗೆರೆಗೆ ಒಗ್ಗಬೇಕು, ಅಷ್ಟೇ. ಸೈಕಲ್ಲಿನ ಚಕ್ರ ಎಂಟು ಮೂಲೆಯದಾದರೂ ಚಕ್ರವೇ.

ಬಣ್ಣ ಹೇಗೆ ಆರಿಸಲಿ?

ಕಪ್ಪು ಅಥವಾ ಗಾಢ ಬಟ್ಟೆಗೆ ಕೆಂಪು, ಕಿತ್ತಳೆ, ಹಸಿರು, ನೇರಳೆ, ಬಿಳಿ. ಹೊರಗೆರೆಗೆ ಒಂದೇ ಬಣ್ಣ ಇಟ್ಟರೆ ದಾರ ಬದಲಿಸುವ ಕಷ್ಟವೂ ಕಡಿಮೆ. ಗವಂತಿಯಲ್ಲಿ ಬಣ್ಣ ಬದಲಾದ ಕಡೆಯೆಲ್ಲ ದಾರದ ಎರಡು ತುದಿ ಅಡಗಿಸಬೇಕಾಗುತ್ತದೆ ಎಂಬುದು ನೆನಪಿರಲಿ. ಹೊಲಿಗೆ ಶುರುಮಾಡುವ ಮುಂಚೆ ಒಂದು ತುಂಡು ದಾರವನ್ನು ಬಿಸಿನೀರಿನಲ್ಲಿ ನೆನೆಸಿ ಬಿಳಿ ಬಟ್ಟೆಯ ಮೇಲೆ ಒತ್ತಿ. ಬಣ್ಣ ಬಿಟ್ಟರೆ ಆ ದಾರ ಬೇಡ. ಕೆಂಪು, ಕಪ್ಪು ದಾರಗಳನ್ನಂತೂ ನೋಡಲೇಬೇಕು.

ದಾರ ಎಷ್ಟು ಬೇಕಾಗುತ್ತದೆ?

14ರ ಬಟ್ಟೆಯಲ್ಲಿ ಒಂದು ಹೊಲಿಗೆ ಸುಮಾರು 1.8 ಮಿಲಿಮೀಟರ್. ಹಿಂದೆ ಮುಂದೆ ಸೇರಿ 3.6. 500 ಹೊಲಿಗೆಯ ಚಿತ್ರಕ್ಕೆ 1.8 ಮೀಟರ್. ತುದಿ, ಬಿಗಿ ಎಲ್ಲ ಸೇರಿಸಿ ಎರಡೂವರೆ ಮೀಟರ್ ಎಂದುಕೊಳ್ಳಿ. ಆ್ಯಂಕರ್‌ನಂಥ ಆರು ಎಳೆಯ ಲಡಿ 8 ಮೀಟರ್ ಇರುತ್ತದೆ. ಎರಡೆರಡು ಎಳೆ ಬಿಡಿಸಿಕೊಂಡರೆ 24 ಮೀಟರ್. ಅಂಥ ಒಂಬತ್ತು ಚಿತ್ರಕ್ಕೆ ಒಂದು ಲಡಿ ಸಾಕು.

ಸೂಜಿಗೆ ಒಂದು ಮೊಳಕ್ಕಿಂತ ಉದ್ದ ಪೋಣಿಸಬೇಡಿ. ಗಂಟು ಹಾಕಬೇಡಿ. ಶುರುವಿನಲ್ಲಿ ಎರಡು ಮೂರು ಇಂಚು ತುದಿ ಬಿಟ್ಟು, ಕೊನೆಗೆ ಅದನ್ನು ಹಾಕಿದ ಹೊಲಿಗೆಗಳ ಮೇಲೇ ನಾಲ್ಕೈದು ಸಲ ನಡೆಸಿ ಕತ್ತರಿಸಿ.

ರೇಷ್ಮೆಯಲ್ಲಿ ಎಳೆ ಎಣಿಸಲು ಆಗುವುದಿಲ್ಲವಲ್ಲ?

ರೇಷ್ಮೆಯ ಮೇಲೆ ಮ್ಯಾಟಿ ಅಥವಾ ಜಾಳಿಗೆಯಂಥ ಎಣಿಸಲು ಬರುವ ಬಟ್ಟೆಯನ್ನಿಟ್ಟು ಸುತ್ತ ಓಡುಹೊಲಿಗೆ ಹಾಕಿ. ಎರಡೂ ಬಟ್ಟೆ ಸೇರಿಸಿ ಕಸೂತಿ ಹಾಕಿ. ಮುಗಿದ ಮೇಲೆ ಮೇಲಿನ ಬಟ್ಟೆಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯಿರಿ. ಇಲ್ಲಿ ಮಾತ್ರ ಚೂಪು ಸೂಜಿ ಬೇಕು, ಆದರೆ ಮೇಲಿನ ಬಟ್ಟೆಯ ಎಳೆಗೆ ಚುಚ್ಚದೆ ಕಿಂಡಿಯಲ್ಲೇ ಇಳಿಸಬೇಕು. ಚುಚ್ಚಿದ್ದರೆ ಆ ಎಳೆ ಹೊರಗೆ ಬರುವುದಿಲ್ಲ. ಮೇಲಿನ ಬಟ್ಟೆ ಹೋದ ಮೇಲೆ ಹೊಲಿಗೆ ಸ್ವಲ್ಪ ಸಡಿಲಾಗುತ್ತದೆ, ಹಾಗಾಗಿ ಹಾಕುವಾಗ ಕೈ ತುಸು ಬಿಗಿ ಇರಲಿ.

ಈ ವಿನ್ಯಾಸಗಳನ್ನು ನೀಡಲ್‌ಪಾಯಿಂಟ್‌ಗೆ ಬಳಸಬಹುದಾ?

ಮೆಂತೆಗೆ ಬರೆದ ಚೌಕದ ವಿನ್ಯಾಸ ಹಾಗೇ ಒಗ್ಗುತ್ತದೆ. ಗವಂತಿಯದು ಒಗ್ಗುವುದಿಲ್ಲ. ನೀಡಲ್‌ಪಾಯಿಂಟ್‌ನಲ್ಲಿ ಗಟ್ಟಿ ಕ್ಯಾನ್ವಾಸನ್ನು ಪೂರ್ತಿ ಮುಚ್ಚಬೇಕು, ಹಿನ್ನೆಲೆಗೂ ಹೊಲಿಗೆ ಬೇಕು. ಗವಂತಿಯ ಚೆಂದ ಇರುವುದೇ ಬಟ್ಟೆ ಖಾಲಿ ಉಳಿಯುವುದರಲ್ಲಿ. ಒಂದು ದಾರಿ ಇದೆ. ಗವಂತಿಯ ಪ್ರತಿ ಗೆರೆಯನ್ನು ಒಂದು ಚೌಕದ ದಪ್ಪಕ್ಕೆ ತಂದು ಹೊಸದಾಗಿ ಬರೆದುಕೊಳ್ಳಿ. ಚಿತ್ರ ಸುಮಾರು ಎರಡು ಪಟ್ಟು ದೊಡ್ಡದಾಗುತ್ತದೆ.

ನಾನು ಬರೆದ ವಿನ್ಯಾಸ ಹಾಕಿ ಮಾರಬಹುದಾ?

ನೀವೇ ಬರೆದದ್ದಾದರೆ, ಧಾರಾಳವಾಗಿ. ಕಸೂತಿಗೆ ಜಿಐ (ಭೌಗೋಳಿಕ ಸೂಚಕ, ಅಂದರೆ ಇಂಥ ಊರಿನ ಇಂಥ ಕೆಲಸ ಎಂಬ ಗುರುತು) ಮಾನ್ಯತೆ ಇದೆ. ಹಾಗಾಗಿ ಯಂತ್ರದಲ್ಲಿ ಹಾಕಿದ ಕೆಲಸಕ್ಕೆ ಕಸೂತಿ ಎಂದು ಹೆಸರಿಟ್ಟು ಮಾರುವುದು ಸರಿಯಲ್ಲ. ಕೊಳ್ಳುವವರು ಸೆರಗು ತಿರುಗಿಸಿ ನೋಡಿದರೆ ಗೊತ್ತಾಗಿಯೇ ಬಿಡುತ್ತದೆ. ಇನ್ನೊಬ್ಬರು ಬರೆದು ಮಾರುವ ಗ್ರಾಫ್ ಆದರೆ ಅವರನ್ನು ಕೇಳಿಯೇ ಮಾಡಿ.

ಕಪ್ಪು ಬಟ್ಟೆಯಲ್ಲಿ ಎಳೆ ಕಾಣುವುದೇ ಇಲ್ಲ. ಏನಾದರೂ ಉಪಾಯ?

ತೊಡೆಯ ಮೇಲೆ ಬಿಳಿ ಟವೆಲ್ ಹಾಸಿಕೊಂಡು ಅದರ ಮೇಲೆ ಬಟ್ಟೆ ಹಿಡಿಯಿರಿ, ಕಿಂಡಿಗಳು ಕಾಣುತ್ತವೆ. ಹಗಲು ಬೆಳಕಿನಲ್ಲೇ ಹಾಕಿ. ಹತ್ತು ಹತ್ತು ಎಳೆಗೆ ಒಂದರಂತೆ ಬಿಳಿ ದಾರದಲ್ಲಿ ಸಡಿಲ ಓಡುಹೊಲಿಗೆ ಹಾಕಿ, ಗ್ರಾಫ್ ಹಾಳೆಯ ಮೇಲೂ ಹತ್ತು ಚೌಕಕ್ಕೆ ಒಂದು ದಪ್ಪ ಗೆರೆ ಎಳೆದುಕೊಂಡರೆ ಪ್ರತಿ ಸಲ ಮೊದಲಿನಿಂದ ಎಣಿಸಬೇಕಾಗುವುದಿಲ್ಲ. ಚಿತ್ರ ಮುಗಿದ ಮೇಲೆ ಆ ದಾರ ಎಳೆದುಬಿಡಿ.